ಜರ್ಮನರ ಮನೆಯಲ್ಲಿ ಫ್ರೆಂಚ್ ಮಾತು

ತನ್ನಲ್ಲಿಲ್ಲದ ವಸ್ತುವಿಗೆ ಮಾತ್ರವೇ ಒಂದು ಭಾಷೆಯು ಪರಭಾಷೆಯ ಪದವನ್ನು ಎರವಲು ತರುವುದೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಜರ್ಮನ್ ಭಾಷೆಯ ಚರಿತ್ರೆಯನ್ನು ನೋಡಿದರೆ ಈ ಎಣಿಕೆ ನಿಲ್ಲತಕ್ಕುದಲ್ಲ.

ಹದಿನಾಲ್ಕನೆಯ ಲೂಯಿಯ ಆಸ್ಥಾನವು ಯೂರೋಪಿಗೆಲ್ಲ ನಾಗರಿಕತೆಯ ಮೇಲ್ಪಂಕ್ತಿಯಾಗಿದ್ದ ಕಾಲದಲ್ಲಿ, ಜರ್ಮನಿಯ ಸಣ್ಣ ದೊಡ್ಡ ಅರಸರೆಲ್ಲರೂ ಅದನ್ನೇ ಅನುಕರಿಸಿದರು. 1685ರಲ್ಲಿ ಆತನು ನಾಂಟ್ ಶಾಸನವನ್ನು ರದ್ದುಗೊಳಿಸಲು, ದೇಶಬಿಟ್ಟ ಹ್ಯೂಗನಾಟರಲ್ಲಿ ಸುಮಾರು 20,000 ಮಂದಿ ಬ್ರಾಂಡೆನ್‌ಬರ್ಗಿನಲ್ಲಿ ನೆಲಸಿದರು. ಪೀಠೋಪಕರಣಕ್ಕೆ 'ಮ್ಯೋಬೆಲ್', ಹಣದ ಚೀಲಕ್ಕೆ 'ಪೋರ್ಟ್‌ಮೊನೇ', ಕ್ಷೌರಿಕನಿಗೆ 'ಫ್ರಿಸ್ಯೋರ್' ಎಂಬ ಮಾತುಗಳು ಹೀಗೆ ಒಂದೊಂದಾಗಿ ಬಳಕೆಗೆ ಬಂದುವು. ವಿನೋದವೇನೆಂದರೆ, ಪ್ಯಾರಿಸಿನಲ್ಲಿ ಕ್ಷೌರಿಕನನ್ನು ಕರೆಯುವುದು 'ಕ್ವಾಫ್ಯೋರ್' ಎಂದು!

ವಸ್ತುಗಳ ಮಾತು ಹಾಗಿರಲಿ. ಬಂಧುಗಳ ಮಾತೂ ಬದಲಾಯಿತು. ಹಿಂದಿನ ಜರ್ಮನರು ತಾಯಿಯ ಸೋದರನನ್ನು 'ಓಹೈಮ್' ಎಂದೂ ತಂದೆಯ ಸೋದರನನ್ನು 'ಫೆಟ್ಟರ್' ಎಂದೂ ಬೇರೆಬೇರೆಯಾಗಿ ಕರೆಯುತ್ತಿದ್ದರು. ತಾಯಿಯ ಸೋದರಿ 'ಮೂಮೆ', ತಂದೆಯ ಸೋದರಿ 'ಬಾಸೆ'. ನಮ್ಮ ಸೋದರಮಾವ, ಚಿಕ್ಕಪ್ಪ, ಚಿಕ್ಕಮ್ಮ, ಸೋದರತ್ತೆಯರಂತೆಯೇ ಅಲ್ಲವೇ? ಈ ಭೇದವು ಕಾಲಕ್ರಮದಲ್ಲಿ ಸಡಿಲವಾಗುತ್ತಿದ್ದಾಗ ಫ್ರೆಂಚಿನ 'ಓಂಕಲ್', 'ಟಾಂಟೆ' ಎಂಬ ಎರಡೇ ಪದಗಳು ಬಂದು ನಾಲ್ಕರ ಸ್ಥಾನವನ್ನೂ ಆಕ್ರಮಿಸಿದುವು. ಇಂಗ್ಲಿಷಿನ 'ಅಂಕಲ್', 'ಆಂಟ್'ಗಳೂ ಫ್ರೆಂಚಿನ ಕೊಡುಗೆಯೇ. ಬೆಂಗಳೂರಿನ ಮಕ್ಕಳು ನೆರೆಯವರನ್ನು ಅಂಕಲ್ ಎನ್ನುವಾಗ ಆ ಪುರಾತನ ಫ್ರೆಂಚ್ ಮಾತಿನ ಮೊಮ್ಮಗುವನ್ನೇ ನುಡಿಯುತ್ತಿರುವರು. ಸೋದರಮಾವನೂ ಆ ಹೆಸರಿನಲ್ಲಿ ಕರಗಿಹೋದರೆ ನಷ್ಟವು ಒಂದು ಪದದ್ದು ಮಾತ್ರವಲ್ಲವೆಂದು ನಮ್ಮ ಅಭಿಪ್ರಾಯ.

1871ರಲ್ಲಿ ಜರ್ಮನ್ ಸಾಮ್ರಾಜ್ಯವು ಸ್ಥಾಪಿತವಾದಮೇಲೆ ಶುದ್ಧೀಕರಣದ ಉತ್ಸಾಹ ಮೊದಲಾಯಿತು. ಅಂಚೆಯ ಮುಖ್ಯಾಧಿಕಾರಿ ಹೈನ್ರಿಖ್ ಫಾನ್ ಸ್ಟೆಫಾನನು 700ಕ್ಕೂ ಮಿಕ್ಕ ಪರಭಾಷಾ ಪದಗಳನ್ನು ತನ್ನ ಇಲಾಖೆಯಿಂದ ಹೊರಹಾಕಿದನು. 'ಪೋಸ್ಟ್ ರೆಸ್ಟಾಂಟ್' ಹೋಗಿ 'ಪೋಸ್ಟ್‌ಲಾಗೆರ್ನ್ಡ್' ಬಂದಿತು. ರೈಲ್ವೆಯವರೂ ಸುಮ್ಮನಿರಲಿಲ್ಲ; 1880ರ ದಶಕದಿಂದೀಚೆಗೆ ನಿಲ್ದಾಣದ ಜಗಲಿಯಾದ 'ಪೆರೋನ್' ಅಚ್ಚ ಜರ್ಮನಿನ 'ಬಾನ್‌ಸ್ಟೈಗ್' ಆಯಿತು. ಸರ್ಕಾರದ ಕಡತಗಳಿಗೆ ಆಜ್ಞೆ ತಾಕಿತೇ ಹೊರತು ಮನೆಯ ಊಟದ ಮೇಜಿಗೆ ತಾಕಲಿಲ್ಲ. ಓಂಕಲ್ ಟಾಂಟೆಯರು ತಮ್ಮ ಕುರ್ಚಿಗಳಿಂದ ಏಳಲೇ ಇಲ್ಲ.

ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕರಿಗಾದರೋ ಬರ್ಲಿನ್ನಿನ ಆಜ್ಞೆ ಅನ್ವಯಿಸುತ್ತಿರಲಿಲ್ಲ. ಜೂರಿಕ್ ನಿಲ್ದಾಣದಲ್ಲಿ ಪ್ರಯಾಣಿಕನು ಇಂದಿಗೂ 'ಬಿಲೆಟ್' ಕೊಂಡು 'ಪೆರೋನಿ'ನ ಮೇಲೆಯೇ ಗಾಡಿಗಾಗಿ ಕಾಯುತ್ತಾನೆ.