ಈಜುಕೊಳದ ಜಮಾ-ಖರ್ಚು: ಕ್ಲೋರಿನ್ ಮತ್ತು ಸ್ಟೆಬಿಲೈಸರ್

ನನ್ನ ಮಾಮು ಹೊಸಪೇಟೆಯ ಒಂದು ಹೋಟೆಲಿನಲ್ಲಿ ಈಜುಕೊಳ ನೋಡಿಕೊಳ್ಳುತ್ತಾರೆ. ರಜೆಯಲ್ಲಿ ಅವರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ವಿಷಯ ರಸಾಯನಶಾಸ್ತ್ರದ್ದಾದರೂ, ವಾಣಿಜ್ಯ ವಿಭಾಗದ ನನಗೆ ಇದರಲ್ಲಿ ಲೆಕ್ಕಶಾಸ್ತ್ರವೇ ಹೆಚ್ಚು ಕಂಡಿತು.

ನೀರಿನ ರೋಗಾಣುಗಳನ್ನು ಕೊಲ್ಲುವುದು ಕ್ಲೋರಿನ್. ಬಯಲಿನ ಕೊಳದಲ್ಲಿ ಅದಕ್ಕೆ ಬಿಸಿಲೇ ಶತ್ರು. ನೇರ ಬಿಸಿಲು ಬಿದ್ದರೆ ಸುಮಾರು ಒಂದು ಗಂಟೆಯಲ್ಲೇ ಅರ್ಧದಷ್ಟು ಕ್ಲೋರಿನ್ ನಾಶವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕಾಗಿ ಸಯನೂರಿಕ್ ಆಮ್ಲವನ್ನು ಹಾಕುತ್ತಾರೆ. ಇದೇ ಸ್ಟೆಬಿಲೈಸರ್. ಅದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು ಬಿಸಿಲಿನಿಂದ ಕಾಪಾಡುತ್ತದೆ, ಬೇಕಾದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಹಾಗಾದರೆ ಸ್ಟೆಬಿಲೈಸರ್ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಅದು ಹೆಚ್ಚಾದರೆ ಕ್ಲೋರಿನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನ್ ಸರಿಯಾಗಿಯೇ ಕಾಣುತ್ತದೆ, ಆದರೆ ರೋಗಾಣುಗಳು ಬೇಗ ಸಾಯುವುದಿಲ್ಲ. ಖಾತೆಯಲ್ಲಿ ಹಣ ತೋರಿಸುತ್ತದೆ, ತೆಗೆಯಲು ಬರುವುದಿಲ್ಲ ಎಂಬಂತೆ. ಆ ನೀರಿನಲ್ಲಿ ಮುಳುಗಿ ಏಳುವ ಮಕ್ಕಳಿಗೆ ಇದು ಗೊತ್ತಾಗುವುದೇ ಇಲ್ಲ.

ಸ್ಟೆಬಿಲೈಸರನ್ನು 30ರಿಂದ 50 ಪಿಪಿಎಂ, ಅಂದರೆ ಲೀಟರಿಗೆ 30ರಿಂದ 50 ಮಿಲಿಗ್ರಾಂ ಇಡುವುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು 100 ದಾಟಬಾರದು. ಕ್ಲೋರಿನ್ ಅದರ ಶೇ. 7.5ರಷ್ಟು ಇರಲಿ ಎಂಬುದು ಅನೇಕರು ಅನುಸರಿಸುವ ಲೆಕ್ಕ. ಸ್ಟೆಬಿಲೈಸರ್ 40 ಇದ್ದರೆ ಕ್ಲೋರಿನ್ 3 ಬೇಕು. 100 ಇದ್ದರೆ 7.5 ಬೇಕು!

ಇದು ಹೆಚ್ಚುವುದು ಹೇಗೆ? ಕೊಳಕ್ಕೆ ಹಾಕುವ ಟ್ರೈಕ್ಲೋರ್ ಮಾತ್ರೆಯ ಒಳಗೇ ಸ್ಟೆಬಿಲೈಸರ್ ಇರುತ್ತದೆ. ಅದು 1 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಸುಮಾರು 0.6 ಪಿಪಿಎಂ ಸ್ಟೆಬಿಲೈಸರ್ ಸೇರಿಸುತ್ತದೆ. ಕ್ಲೋರಿನ್ ದಿನದ ಖರ್ಚು, ಮುಗಿದುಹೋಗುತ್ತದೆ. ಸ್ಟೆಬಿಲೈಸರ್ ಆವಿಯಾಗುವುದಿಲ್ಲ, ಉಳಿದುಕೊಳ್ಳುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕಾದರೆ ದಿನಕ್ಕೆ 1.2, ಎರಡು ತಿಂಗಳಿಗೆ 72. ಮೊದಲೇ 30 ಇದ್ದರೆ ಒಟ್ಟು 102.

ಆಗ ಉಳಿಯುವ ದಾರಿ ಸಾಮಾನ್ಯವಾಗಿ ಒಂದೇ: ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬುವುದು. ಒಂದು ಲಕ್ಷ ಲೀಟರಿನ ಕೊಳದಲ್ಲಿ ಅದು 50,000 ಲೀಟರ್. ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿದೆ. ಭಾಗಿಸಿ ನೋಡಿ: 900ಕ್ಕೂ ಹೆಚ್ಚು ಜನರ ಒಂದು ದಿನದ ನೀರು! ಮಳೆ ನೀರನ್ನು ಬೆಟ್ಟದ ಹೊಂಡಗಳಲ್ಲಿ ಹಿಡಿದಿಟ್ಟುಕೊಂಡ ಉಚ್ಚಂಗಿದುರ್ಗದವರಾದ ನಮಗೆ ಈ ಸಂಖ್ಯೆ ಚಿಕ್ಕದಲ್ಲ. ನಲ್ಲಿ ಸುಮ್ಮನೆ ಹರಿದರೂ ನಮ್ಮ ದಾದಿ "ಇಸ್ರಾಫ್" ಎಂದು ಗದರುತ್ತಾರೆ.

ಮಾಮು ಅನುಸರಿಸುವ ಕ್ರಮ ಸರಳ. ಸ್ಟೆಬಿಲೈಸರನ್ನು ಒಮ್ಮೆ ಅಳೆದು ಹಾಕುತ್ತಾರೆ. ಆಮೇಲೆ ದಿನವೂ ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತಾರೆ. ಅದರಲ್ಲಿ ಸ್ಟೆಬಿಲೈಸರ್ ಇಲ್ಲ. ಬಿಸಿಗೆ ಅದರ ಶಕ್ತಿ ಕುಂದುವುದರಿಂದ ಕ್ಯಾನನ್ನು ನೆರಳಿನಲ್ಲೇ ಇಡುತ್ತಾರೆ. ಬ್ಲೀಚಿಂಗ್ ಪೌಡರಿನಲ್ಲೂ ಸ್ಟೆಬಿಲೈಸರ್ ಇಲ್ಲ, ಆದರೆ ಗಡಸಾದ ಬೋರ್‌ವೆಲ್ ನೀರಿಗೆ ಅದು ಇನ್ನಷ್ಟು ಸುಣ್ಣ ಸೇರಿಸುತ್ತದೆ. ಕ್ಲೋರಿನ್ ಪರೀಕ್ಷೆ ದಿನವೂ, ಸ್ಟೆಬಿಲೈಸರ್ ಪರೀಕ್ಷೆ ತಿಂಗಳಿಗೊಮ್ಮೆ. ಮಾತ್ರೆ ಸುಲಭ, ಆದರೆ ಅದರ ಬಿಲ್ಲಿನಲ್ಲಿ ಚೆಲ್ಲುವ ನೀರಿನ ಬೆಲೆ ಬರೆದಿರುವುದಿಲ್ಲ.

ಕೊಳವಿಲ್ಲದ ನಮಗೂ ಎರಡು ಎಚ್ಚರಿಕೆಗಳಿವೆ. ಈಜುಕೊಳದ ಮಾತ್ರೆಯನ್ನು ಮನೆಯ ಕುಡಿಯುವ ನೀರಿನ ಟ್ಯಾಂಕಿಗೆ ಹಾಕಬೇಡಿ. ಮುಚ್ಚಿದ ಟ್ಯಾಂಕಿಗೆ ಬಿಸಿಲು ತಾಗುವುದಿಲ್ಲ, ಅಲ್ಲಿ ಸ್ಟೆಬಿಲೈಸರಿನ ಕೆಲಸವೇ ಇಲ್ಲ. ಆ ಮಾತ್ರೆ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಡಬ್ಬದಲ್ಲಿ ಎಂದಿಗೂ ಬೆರೆಸಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು.