ಕಬ್ಬಿಣವಿಲ್ಲದೆಯೂ ಕಾಂತ!

ಪ್ರಶ್ನೆ: ಕಬ್ಬಿಣ, ನಿಕಲ್, ಕೋಬಾಲ್ಟ್ ಇಲ್ಲದ ಮಿಶ್ರಲೋಹಕ್ಕೂ ಅಯಸ್ಕಾಂತ ಅಂಟುತ್ತದೆಯೇ?

ಅಂಟುತ್ತದೆ. ಮನೆಯ ತಾಮ್ರದ ಚೊಂಬಿಗೆ ಅಯಸ್ಕಾಂತ ಹಿಡಿದು ನೋಡಿ, ಜಾರಿ ಬೀಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಅಷ್ಟೇ. ಮ್ಯಾಂಗನೀಸ್ ತುಂಡಿಗೂ ಅದು ಕಚ್ಚಿಕೊಳ್ಳುವುದಿಲ್ಲ. ಆದರೆ ಈ ಮೂರನ್ನೂ ತಕ್ಕ ಪ್ರಮಾಣದಲ್ಲಿ ಕರಗಿಸಿ ಬೆರೆಸಿದರೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುವ ಲೋಹ ಸಿಗುತ್ತದೆ! 1903ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದವರು ಜರ್ಮನಿಯ ಫ್ರೀಡ್ರಿಕ್ ಹಾಯ್ಸ್ಲರ್.

ಗುಟ್ಟು ಇರುವುದು ಪರಮಾಣುಗಳು ಕೂತ ಜಾಗದಲ್ಲಿ. ಪ್ರತಿ ಮ್ಯಾಂಗನೀಸ್ ಪರಮಾಣುವೂ ತಾನೇ ಒಂದು ಪುಟ್ಟ ಕಾಂತ. ಶುದ್ಧ ಮ್ಯಾಂಗನೀಸ್‌ನಲ್ಲಿ ಅವು ಒತ್ತೊತ್ತಾಗಿರುವುದರಿಂದ ಒಂದರ ದಿಕ್ಕಿಗೆ ಇನ್ನೊಂದು ಎದುರಾಗಲು ಎಳೆಯುತ್ತದೆ. ಬಲವೆಲ್ಲ ಪರಸ್ಪರ ಅಳಿಸಿಹೋಗುತ್ತದೆ. ಹಾಯ್ಸ್ಲರ್ ಮಿಶ್ರಲೋಹದಲ್ಲಿ ಎರಡು ತಾಮ್ರಕ್ಕೆ ಒಂದು ಮ್ಯಾಂಗನೀಸ್, ಒಂದು ಅಲ್ಯೂಮಿನಿಯಂ. ಅವು ರಂಗೋಲಿಯ ಚುಕ್ಕಿಗಳ ಹಾಗೆ ಗೊತ್ತಾದ ಸ್ಥಾನಗಳಲ್ಲೇ ಕೂರುತ್ತವೆ. ಮ್ಯಾಂಗನೀಸ್‌ಗಳ ನಡುವೆ ಸುಮಾರು 0.42 ನ್ಯಾನೊಮೀಟರ್ ಅಂತರ ಬಿದ್ದು, ನೇರ ಜಗ್ಗಾಟ ನಿಲ್ಲುತ್ತದೆ. ಲೋಹದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳೇ ಆಗ ಸುದ್ದಿ ಒಯ್ಯುವವರು. ಅವುಗಳ ಮೂಲಕ ಎಲ್ಲ ಪುಟ್ಟ ಕಾಂತಗಳೂ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಈ ಜೋಡಣೆಯನ್ನು ಕೆಡಿಸಿದರೆ ಅದೇ ಲೋಹಗಳು, ಅದೇ ತೂಕ ಇದ್ದರೂ ಕಾಂತತ್ವ ಕುಗ್ಗುತ್ತದೆ. ನನಗೆ ಇದಕ್ಕಿಂತ ಸೊಗಸಾದ ಸಂಗತಿ ಲೋಹವಿಜ್ಞಾನದಲ್ಲಿ ಕಂಡಿಲ್ಲ.

ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಾಖದ ಕುಲುಕಾಟಕ್ಕೆ ಈ ಒಗ್ಗಟ್ಟು ಒಡೆಯುತ್ತದೆ.

ಇದೇ ಬಳಗದ ನಿಕಲ್‌-ಮ್ಯಾಂಗನೀಸ್‌-ಆ್ಯಂಟಿಮನಿ ಇನ್ನೂ ವಿಚಿತ್ರ. ಒಂದು ಬಗೆಯ ಸ್ಪಿನ್ (ಎಲೆಕ್ಟ್ರಾನನ್ನೂ ಪುಟ್ಟ ಕಾಂತವಾಗಿಸುವ ಗುಣ) ಇರುವ ಎಲೆಕ್ಟ್ರಾನ್‌ಗಳಿಗೆ ಅದು ಲೋಹ, ವಿರುದ್ಧ ಸ್ಪಿನ್ನಿನವಕ್ಕೆ ಅರೆವಾಹಕ ಎಂದು 1983ರ ಲೆಕ್ಕಾಚಾರ ತೋರಿಸಿತು. ಎಲೆಕ್ಟ್ರಾನಿನ ಸ್ಪಿನ್ನನ್ನೇ ಬಳಸುವ ಸಾಧನಗಳಿಗಾಗಿ ಇಂಥ ಮಿಶ್ರಲೋಹಗಳ ಹುಡುಕಾಟ ಈಗಲೂ ನಡೆದಿದೆ.