ದೂರದ ದನಿಗೆ ಡಂಗುರ

ದೂರದ ದ್ವೀಪವೊಂದರ ರೇಡಿಯೋ ದನಿಯು ನಮ್ಮ ಆಕಾಶದಲ್ಲಿ ಸುಳಿದು ಅಡಗಲು ಹಲವೊಮ್ಮೆ ಹತ್ತು ನಿಮಿಷ ಸಾಕು. ಆದುದರಿಂದಲೇ ಹವ್ಯಾಸಿ ರೇಡಿಯೋಗಾರರು, ಕೇಳಿದೊಡನೆ ಪರಸ್ಪರ ಸುದ್ದಿ ಮುಟ್ಟಿಸಲು ‘ಡಿಎಕ್ಸ್ ಕ್ಲಸ್ಟರ್’ ಎಂಬ ಜಾಲವನ್ನು ಕಟ್ಟಿಕೊಂಡಿರುವರು. ಡಿಎಕ್ಸ್ ಎಂದರೆ ದೂರ.

ಗಣಕಯಂತ್ರದಲ್ಲಿ ‘ಷೋ/ಡಿಎಕ್ಸ್’ ಎಂದು ಆಜ್ಞೆಯಿತ್ತರೆ ಹೊಸ ಸುದ್ದಿಗಳು ಸಾಲಾಗಿ ಮೂಡುವುವು: ಕೇಳಿಸಿದ ನಿಲಯ, ಕಿಲೋಹರ್ಟ್ಸ್‌ಗಳಲ್ಲಿ ಅದರ ಕಂಪನಾಂಕ, ವೇಳೆ, ಸುದ್ದಿಯಿತ್ತವರ ಸಂಕೇತ. ವೇಳೆಯು ಗ್ರೀನಿಚ್ಚಿನದು, 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಬೇಕು. ನಾವು ಮೊದಲು ನೋಡತಕ್ಕದ್ದು ಕೊನೆಯ ಅಂಶವನ್ನೇ. ಹ್ರಸ್ವತರಂಗಗಳು ಅಯಾನುಮಂಡಲದಿಂದ ಪುಟಿದು ಬರುವುದರಿಂದ, ಜರ್ಮನಿಯಲ್ಲಿ ಕೇಳಿಸಿದುದು ಬೈಲಹೊಂಗಲದಲ್ಲಿ ಕೇಳಿಸಲೇಬೇಕೆಂದಿಲ್ಲ.

ಜಾಲಕ್ಕೆ ನಮ್ಮ ಠಾವನ್ನೂ ತಿಳಿಸಬಹುದು. ಹವ್ಯಾಸಿಗಳು ಭೂಗೋಳವನ್ನು 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶದ ಮನೆಗಳಾಗಿ ವಿಂಗಡಿಸಿರುವರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ‘ಎಂಕೆ75’ ಎಂಬ ಒಂದೇ ಮನೆಯವು! ಊರೂರನ್ನು ಬೇರ್ಪಡಿಸಲು ಇನ್ನೆರಡು ಅಕ್ಷರ ಬೇಕು. ‘ಸೆಟ್/ಕ್ಯೂಆರ್‌ಎ’ ಆಜ್ಞೆಯಿಂದ ಇದನ್ನು ತಿಳಿಸಿದ ಬಳಿಕ, ‘ಷೋ/ಹೆಡಿಂಗ್’ ಎಂದರೆ ಆಂಟೆನಾ ತಿರುಗಿಸಬೇಕಾದ ದಿಕ್ಕೂ ದೂರವೂ ದೊರೆಯುವುವು.

ಇವೆಲ್ಲ ನಾವು ಕೇಳುವ ಆಜ್ಞೆಗಳು. ತಪ್ಪಿದರೆ ನಮಗಷ್ಟೇ ನಷ್ಟ. ‘ಡಿಎಕ್ಸ್’ ಎಂದು ಬರೆದು, ಮುಂದೆ ಕಂಪನಾಂಕವನ್ನೂ ನಿಲಯದ ಸಂಕೇತವನ್ನೂ ಕೊಡುವುದಾದರೋ ಡಂಗುರ. 14195ರ ಬದಲು 14159 ಎಂದು ಬೆರಳು ತಪ್ಪಿತೆನ್ನಿ: ಖಂಡಖಂಡಗಳ ಕೇಳುಗರು ಬರಿಯ ಗೊರಗೊರ ಸದ್ದನ್ನು ಆಲಿಸುತ್ತ ಕೂಡುವರು.